ಎಡಗಾಲಿನ ನರ ಉಬ್ಬಿದೆ, ಹರಡಿನ ಮೇಲೆ ಚರ್ಮ ಕಂದಾಗುತ್ತಿದೆ. ಆಪರೇಷನ್ ಬೇಕೇ ಬೇಕಾ?

ರೊಟ್ಟಿಮನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಶಹಾಬಜಾರ್ ಕಡೆ ಒಂದು ಸಣ್ಣ ರೊಟ್ಟಿ ಕೇಂದ್ರ ನಡೆಸುತ್ತೇನೆ. ಖಾನಾವಳಿಗೆ, ಮದುವೆ ಮನೆಗೆ ಜೋಳದ ರೊಟ್ಟಿ ಕೊಡುತ್ತೇವೆ. ವಯಸ್ಸು 46, ಎರಡು ಹೆರಿಗೆ ಆಗಿದೆ. ಮೊದಲು ಕೂತು ಬಡಿಯುತ್ತಿದ್ದೆವು. ಆರ್ಡರ್ ಜಾಸ್ತಿ ಆದ ಮೇಲೆ ಸೊಂಟದ ಎತ್ತರಕ್ಕೆ ಪರಸಿ ಕಟ್ಟೆ ಹಾಕಿಸಿದೆ, ಈಗ ನಿಂತೇ ಬಡಿಯುವುದು. ಬೆಳಗಿನ ಜಾವ ಒಲೆ ಹಚ್ಚಿದರೆ ಮಧ್ಯಾಹ್ನದ ತನಕ ಅದೇ ಎರಡು ಅಡಿ ಜಾಗದಲ್ಲಿ ನಿಂತಿರುತ್ತೇನೆ.

ಎಡಗಾಲಿನ ಮೀನಖಂಡದ ಒಳಮೈಯಲ್ಲಿ ನೀಲಿ ನರ ಸುರುಳಿ ಸುತ್ತಿಕೊಂಡು ಉಬ್ಬಿದೆ. ಇದು ಹಳೇದು, ಚಿಕ್ಕ ಮಗ ಹುಟ್ಟಿದಾಗಿನಿಂದ ಇದೆ, ನೋವೇನೂ ಇರಲಿಲ್ಲ. ಈಗ ಹೊಸದಾಗಿ ಮೂರು ತಕರಾರು ಶುರುವಾಗಿವೆ. ಸಂಜೆ ಹೊತ್ತಿಗೆ ಹರಡು ಬಾಯುತ್ತದೆ. ಕಾಲುಚೈನು ತೆಗೆದರೆ ಅದರ ಒಂದೊಂದು ಕೊಂಡಿಯ ಅಚ್ಚೂ ಚರ್ಮದ ಮೇಲೆ ಉಳಿದಿರುತ್ತದೆ, ಮಲಗುವ ತನಕ ಹೋಗುವುದಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರ ಆಗುತ್ತದೆ. ಇನ್ನೊಂದು, ಒಳಹರಡಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿ ತುರಿಸುತ್ತಿದೆ.

ನನಗೆ ಹೆದರಿಕೆ ಯಾಕೆ ಅಂದರೆ ನಮ್ಮ ಅವ್ವನಿಗೂ ಸರಿಯಾಗಿ ಇದೇ ಜಾಗದಲ್ಲಿ ಹುಣ್ಣಾಗಿತ್ತು. ಶುಗರ್ ಇರಲಿಲ್ಲ. ಬೇವಿನೆಲೆ, ಅರಿಶಿನ, ಮೆಡಿಕಲ್ ಶಾಪಿನ ಪುಡಿ, ಎಲ್ಲಾ ಹಾಕಿದೆವು. ಮಾಯುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಕೊನೆ ತನಕ ಆ ಬಟ್ಟೆ ಸುತ್ತಿಕೊಂಡೇ ಇದ್ದಳು.

ಒಬ್ಬರು ಲೇಸರ್ ಮಾಡಿಸು ಅಂತಾರೆ. ಇನ್ನೊಬ್ಬರು ನರಕ್ಕೆ ಕೈ ಹಚ್ಚಬೇಡ, ಕಾಲು ಹೋಗುತ್ತದೆ ಅಂತಾರೆ. ಸಾಕ್ಸ್ ಹಾಕಿಕೋ ಅಂದವರೂ ಇದ್ದಾರೆ. ನಮ್ಮ ಊರಿನ ಬೇಸಿಗೆಯಲ್ಲಿ, ಅದೂ ಒಲೆ ಮುಂದೆ, ಮೊಣಕಾಲುದ್ದ ಬಿಗಿ ಸಾಕ್ಸ್ ಹಾಕಿಕೊಂಡು ನಿಲ್ಲೋಕಾಗುತ್ತಾ? ಗೊತ್ತಿದ್ದವರು ಹೇಳಿ.

---

ಬಿಳಿ ಬೋರ್ಡ್, ಬೀದರ್

ಅಕ್ಕಾ, ನಾನು ಬಸ್ ಕಂಡಕ್ಟರ್. ನನಗೂ ಇದೇ ಇತ್ತು, ಹೈದರಾಬಾದಿಗೆ ಹೋಗಿ ಲೇಸರ್ ಮಾಡಿಸಿದೆ. ಬೆಳಿಗ್ಗೆ ಹೋದೆ, ಸಂಜೆ ನಡೆದುಕೊಂಡೇ ಹೊರಗೆ ಬಂದೆ. ಮಲಗಬೇಡ, ನಡಿ ಅಂತ ಅವರೇ ಗದರಿಸಿದರು. ನರದ ಉಬ್ಬು ಹೋಯಿತು, ಭಾರ ಹೋಯಿತು. ಕಂದು ಕಲೆ ಮಾತ್ರ ಇನ್ನೂ ಹಾಗೇ ಇದೆ. ಕಾಲು ಹೋಗುತ್ತದೆ ಅನ್ನುವುದೆಲ್ಲಾ ಸುಳ್ಳು. ದುಡ್ಡಿನ ವಿಷಯ, ಕಾರ್ಡ್ ನಡೆಯುತ್ತದಾ ಇಲ್ಲವಾ, ಇದನ್ನು ಅಡ್ಮಿಟ್ ಆಗೋ ಮೊದಲೇ ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ.

---

ಡ್ರೆಸ್ಸಿಂಗ್ ರೂಮ್ ಸಿಸ್ಟರ್, ಕಲಬುರಗಿ

ರೊಟ್ಟಿಮನಿಯವರೇ, ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಿ ಆದವಳು. ನಿಮ್ಮ ಅವ್ವನಂಥ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟುವುದೇ ನನ್ನ ಕೆಲಸ ಆಗಿತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಎಲ್ಲರೂ ಉಬ್ಬಿದ ನರ ನೋಡಿ ಹೆದರುತ್ತಾರೆ. ನಾನು ಮೊದಲು ನೋಡುವುದು ಹರಡಿನ ಮೇಲಿನ ಚರ್ಮ. ನರ ಎಷ್ಟೇ ದಪ್ಪ ಇರಲಿ, ಚರ್ಮ ಮೆತ್ತಗೆ, ತನ್ನ ಬಣ್ಣದಲ್ಲೇ ಇದ್ದರೆ ಅವಸರ ಇಲ್ಲ. ನರ ಸಣ್ಣದಾಗಿ ಕಂಡರೂ ಚರ್ಮ ಕಂದಾಗಿ, ಗಟ್ಟಿಯಾಗಿ, ತುರಿಸತೊಡಗಿದರೆ ಅವರು ತಡ ಮಾಡಬಾರದು. ನೀವು ಈ ಎರಡನೇ ಸಾಲಿನವರು.

ಯಾಕೆ ಹೀಗಾಗುತ್ತದೆ ಹೇಳುತ್ತೇನೆ. ಹೊಲದಲ್ಲಿ ಪಂಪ್‌ಸೆಟ್ ಇದ್ದವರಿಗೆ ಫುಟ್‌ವಾಲ್ವ್ ಗೊತ್ತಿರುತ್ತದೆ ಅಲ್ವಾ? ಅದು ಲೀಕ್ ಆದರೆ ಪೈಪಿನಲ್ಲಿ ಏರಿದ ನೀರು ಮತ್ತೆ ಬಾವಿಗೇ ಇಳಿಯುತ್ತದೆ. ಕಾಲಿನ ನರದಲ್ಲೂ ಅಲ್ಲಲ್ಲಿ ಅಂಥ ವಾಲ್ವ್‌ಗಳಿವೆ. ಮೇಲಕ್ಕೆ ಹೋದ ರಕ್ತ ಕೆಳಗೆ ಬರದಂತೆ ಅವು ಮುಚ್ಚಿಕೊಳ್ಳುತ್ತವೆ. ಪಂಪ್ ಅಂದರೆ ಮೀನಖಂಡ. ನಡೆದಾಗ ಅದು ಬಿಗಿಯಾಗಿ ಒಳಗಿನ ನರಗಳನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಸುಮ್ನೆ ನಿಂತಾಗ ಹರಡಿನ ಹತ್ತಿರ ನರದೊಳಗಿನ ಒತ್ತಡ 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ವಾಲ್ವ್ ಚೆನ್ನಾಗಿರುವವರಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, 30ಕ್ಕಿಂತ ಕೆಳಗೆ ಬರುತ್ತದೆ. ವಾಲ್ವ್ ಕೆಟ್ಟವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಹಗಲೆಲ್ಲಾ ಒತ್ತಡ ಹಾಗೇ ಇದ್ದರೆ ನೀರು ಹೊರಗೆ ಜಿನುಗುತ್ತದೆ, ಅದೇ ಬಾವು. ಕೆಂಪು ರಕ್ತಕಣಗಳೂ ಚರ್ಮದೊಳಗೆ ಸೋರುತ್ತವೆ. ಅವು ಒಡೆದು ಒಳಗಿನ ಕಬ್ಬಿಣ ಅಲ್ಲೇ ಉಳಿಯುತ್ತದೆ. ನಿಮ್ಮ ಕಂದು ಕಲೆ ಅದೇ. ಅದಕ್ಕೇ ಲೇಸರ್ ಆದ ಮೇಲೂ ಕಂಡಕ್ಟರ್ ಅಣ್ಣನ ಕಲೆ ಹೋಗಿಲ್ಲ.

ಚೀಟಿಯಲ್ಲಿ ಸಿ2, ಸಿ4 ಅಂತೆಲ್ಲಾ ಬರೆದರೆ ಗಾಬರಿ ಆಗಬೇಡಿ. ಸಿ1 ಅಂದರೆ ಕೂದಲೆಳೆ ನರ, ಸಿ2 ಉಬ್ಬಿದ ನರ, ಸಿ3 ಬಾವು, ಸಿ4 ಚರ್ಮ ಕೆಟ್ಟಿರುವುದು, ಸಿ5 ಮಾಯ್ದ ಹುಣ್ಣು, ಸಿ6 ತೆರೆದ ಹುಣ್ಣು. ನೀವು ಹೇಳಿದ್ದು ಕೇಳಿದರೆ ಸಿ4 ಅನಿಸುತ್ತದೆ. ಕಾಲು ನೋಡಿ ಡಾಕ್ಟರ್ ಹೇಳಬೇಕು.

ಈಗ ಮಾಡಬೇಕಾದ್ದು ಡಾಪ್ಲರ್ ಸ್ಕ್ಯಾನ್, ಅಂದರೆ ನರದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಸ್ಕ್ಯಾನ್. ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಸರ್ಜರಿ ಓಪಿಡಿಗೆ ಹೋಗಿ ಕೇಳಿ. ಒಂದು ಮಾತು ನೆನಪಿಡಿ, ವಾಲ್ವ್ ಸೋರುವುದು ಸರಿಯಾಗಿ ಕಾಣುವುದು ನಿಂತಾಗ. ನಿಲ್ಲಿಸಿ ನೋಡುತ್ತೀರಾ ಅಂತ ಕೇಳಿದರೆ ತಪ್ಪಿಲ್ಲ. ಎರಡು ವಿಷಯ ಗೊತ್ತಾಗಬೇಕು. ಮೇಲಿನ ದೊಡ್ಡ ನರದಲ್ಲಿ ಎಲ್ಲಿಂದ ಸೋರುತ್ತಿದೆ? ಒಳಗಿನ ಆಳದ ನರದಲ್ಲಿ ಹಳೇ ಹೆಪ್ಪು ಏನಾದರೂ ಇದೆಯಾ? ಆಳದ ನರ ಮುಚ್ಚಿದ್ದರೆ ಮೇಲಿನ ನರವೇ ರಕ್ತಕ್ಕೆ ದಾರಿ ಆಗಿರಬಹುದು, ಅದನ್ನು ನೋಡದೆ ಮುಚ್ಚೋಕಾಗಲ್ಲ.

ಆಪರೇಷನ್ ಅಂದರೆ ಈಗ ತೊಡೆಸಂದಿಯಲ್ಲಿ ಕೊಯ್ದು ನರ ಎಳೆಯುವುದೊಂದೇ ಅಲ್ಲ. ನರದೊಳಗೆ ಸಣ್ಣ ತಂತಿ ಕಳಿಸಿ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ ಬಿಸಿಯಿಂದ ಮುಚ್ಚುತ್ತಾರೆ. ಅಂಟು ಹಾಕಿ ಮುಚ್ಚುವುದೂ ಇದೆ, ನೊರೆ ಔಷಧಿ ಇಂಜೆಕ್ಷನ್ನೂ ಇದೆ. ಕೆಟ್ಟ ನರ ಮುಚ್ಚಿದರೆ ರಕ್ತ ಒಳಗಿನ ಒಳ್ಳೆಯ ನರಗಳಿಂದ ಹೋಗುತ್ತದೆ, ಅದರಿಂದ ಕಾಲು ಹೋಗುವುದಿಲ್ಲ. ಆದರೆ ವರ್ಷಗಳ ಮೇಲೆ ಬೇರೆ ನರ ಉಬ್ಬಬಹುದು. ಒಂದ್ಸಲ ಮಾಡಿಸಿದರೆ ಜೀವನಪೂರ್ತಿ ಚಿಂತೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅವ್ವನ ಹುಣ್ಣಿನ ವಿಷಯ. ಆ ಹುಣ್ಣಿಗೆ ಮೇಲೆ ಏನು ಹಚ್ಚುತ್ತೀರಿ ಅನ್ನುವುದು ಅಷ್ಟು ದೊಡ್ಡದಲ್ಲ. ಒಳಗಿನ ಒತ್ತಡ ಇಳಿಯದೆ ಅದು ಮಾಯುವುದಿಲ್ಲ. ಬೆರಳ ಬುಡದಿಂದ ಮೊಣಕಾಲಿನ ಕೆಳಗಿನ ತನಕ ಬಿಗಿ ಪಟ್ಟಿ, ಹರಡಿನ ಹತ್ತಿರ ಜಾಸ್ತಿ ಬಿಗಿ, ಮೇಲೆ ಹೋದಂತೆ ಸಡಿಲ. ಇದೇ ಮುಖ್ಯ ಔಷಧಿ. ಸೊಪ್ಪಿನ ರಸ, ಆಂಟಿಬಯೋಟಿಕ್ ಪುಡಿ, ಇವುಗಳಿಂದ ಸುತ್ತಲಿನ ಚರ್ಮ ಅಲರ್ಜಿಯಾಗಿ ಇನ್ನಷ್ಟು ಕೆಂಪಾಗಿ ಬರುತ್ತಿದ್ದವರನ್ನು ಎಷ್ಟು ನೋಡಿದ್ದೇನೋ. ಪಟ್ಟಿ ಬಿಚ್ಚಿದರೆ ಮೊದಲು ಅರಿಶಿನ ತೊಳೆಯಬೇಕು, ಆಮೇಲೇ ಹುಣ್ಣು ಕಾಣುವುದು! 2018ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನದ ಫಲಿತಾಂಶ ಬಂತು. 450 ರೋಗಿಗಳು. ಬರೀ ಪಟ್ಟಿ ಕಟ್ಟಿ ಹುಣ್ಣು ಮಾಯಲಿ, ಆಮೇಲೆ ನರ ನೋಡೋಣ ಅಂತ ಕಾದವರಲ್ಲಿ ಮಾಯಲು ಸುಮಾರು 82 ದಿನ ಹಿಡಿಯಿತು. ಪಟ್ಟಿಯ ಜೊತೆ ನರವನ್ನೂ ಬೇಗ ಮುಚ್ಚಿದವರಲ್ಲಿ 56 ದಿನ. ನಿಮ್ಮ ಅವ್ವನ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು, ಪಾಪ.

ಅವ್ವನಿಗೆ ಇತ್ತು ಅಂದರೆ ನಿಮಗೆ ಬರುವ ಸಂಭವ ಜಾಸ್ತಿ ಅನ್ನುವುದು ನಿಜ. ಆದರೆ ಹುಣ್ಣು ಆಗಲೇಬೇಕು ಅಂತಿಲ್ಲ. ಇನ್ನೂ ಚರ್ಮ ಒಡೆದಿಲ್ಲ ಅಲ್ವಾ? ಉಗುರಿನಿಂದ ತುರಿಸಬೇಡಿ. ರಾತ್ರಿ ಸ್ನಾನ ಆದ ಮೇಲೆ ಆ ಜಾಗಕ್ಕೆ ವಾಸನೆ ಇಲ್ಲದ ವ್ಯಾಸ್ಲೀನ್ ಸವರಿ, ಸಾಕು.

---

ರೊಟ್ಟಿಮನಿ, ಕಲಬುರಗಿ

ಸಿಸ್ಟರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎರಡು ಪ್ರಶ್ನೆ. ನಾನು ಬಿಪಿಗೆ ಆಮ್ಲೋಡಿಪಿನ್ ಗುಳಿಗೆ ತಗೋತೀನಿ, ಅದಕ್ಕೂ ಹರಡು ಬಾಯುವುದಕ್ಕೂ ಸಂಬಂಧ ಇದೆಯಾ? ಇನ್ನು ಸಾಕ್ಸ್ ವಿಷಯ ನೀವು ಹೇಳಲೇ ಇಲ್ಲ. ಕೆಲಸ ಬಿಡು ಅಂತ ಮಾತ್ರ ಹೇಳಬೇಡಿ. ನನ್ನ ಜೊತೆ ನಾಲ್ಕು ಹೆಣ್ಣುಮಕ್ಕಳ ಮನೆ ನಡೆಯುತ್ತಿದೆ.

---

ತೊಗರಿ ಹೊಲ, ಯಾದಗಿರಿ

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ಕಾಲು ಬಾತರೆ ಮೊದಲು ಆನೆಕಾಲು ಅನ್ನುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಎಲ್ಲಾ ಆ ರೋಗ ಇರುವ ಜಿಲ್ಲೆಗಳೇ. ಮನೆಮನೆಗೆ ಬಂದು ಡಿಇಸಿ, ಆಲ್ಬೆಂಡಜೋಲ್ ಗುಳಿಗೆ ಕೊಟ್ಟು ಎದುರಿಗೇ ನುಂಗಿಸುತ್ತಿದ್ದದ್ದು ಅದಕ್ಕೇ. ನಮ್ಮ ಕಾಕಾನಿಗೆ ಬರೀ ನರದ ತೊಂದರೆ ಇತ್ತು, ಊರೆಲ್ಲಾ ಆನೆಕಾಲು ಅಂತ ಹೆಸರಿಟ್ಟು ಹತ್ತಿರ ಕೂರೋದನ್ನೇ ಬಿಟ್ಟಿತ್ತು. ಹತ್ತಿರ ಕೂತರೆ ಬರುವ ರೋಗವೂ ಅಲ್ಲ ಅದು, ಸೊಳ್ಳೆಯಿಂದ ಬರುವುದು. ಎರಡಕ್ಕೂ ವ್ಯತ್ಯಾಸ ಹೇಗೆ ಗುರುತಿಸುವುದು ಸಿಸ್ಟರ್?

---

ಡ್ರೆಸ್ಸಿಂಗ್ ರೂಮ್ ಸಿಸ್ಟರ್, ಕಲಬುರಗಿ

ಯಾದಗಿರಿಯವರು ಒಳ್ಳೇದು ಕೇಳಿದರು. ನರದ ಬಾವು ಸಾಮಾನ್ಯವಾಗಿ ಹರಡಿನ ಸುತ್ತ ಇರುತ್ತದೆ, ರಾತ್ರಿ ಮಲಗಿದರೆ ಇಳಿಯುತ್ತದೆ. ಬೆರಳು ಒತ್ತಿದರೆ ಕುಳಿ ಬೀಳುತ್ತದೆ. ಆನೆಕಾಲಿನಲ್ಲಿ ಪಾದದ ಮೇಲ್ಭಾಗ, ಬೆರಳುಗಳೂ ಬಾಯುತ್ತವೆ. ಆಗಾಗ ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಹಳೇದಾದಂತೆ ಚರ್ಮ ದಪ್ಪ ಆಗುತ್ತದೆ, ಕುಳಿ ಬೀಳುವುದಿಲ್ಲ. ಆನೆಕಾಲು ತರುವ ಹುಳದ ಮರಿಗಳು ರಕ್ತದಲ್ಲಿ ಕಾಣಿಸಿಕೊಳ್ಳುವುದೇ ರಾತ್ರಿ. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಬಂದು ರಕ್ತ ತೆಗೆಯುವುದು. ಮಂದಿ ಬಾಗಿಲು ತೆಗೆಯುವುದಿಲ್ಲ, ಅದು ಬೇರೆ ಮಾತು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಎರಡೂ ಕಾಲು ಒಂದೇ ಸಮ ಬಾತಿದ್ದರೆ ಹೃದಯ, ಕಿಡ್ನಿ, ಲಿವರ್, ಥೈರಾಯ್ಡ್ ಕಡೆಗೂ ನೋಡಬೇಕು.

ರೊಟ್ಟಿಮನಿಯವರೇ, ಆಮ್ಲೋಡಿಪಿನ್‌ನಿಂದ ಹರಡು ಬಾಯುವುದು ತುಂಬಾ ಸಾಮಾನ್ಯ. ನೀವಾಗೇ ಗುಳಿಗೆ ಬಿಡಬೇಡಿ, ಬಿಪಿ ಏರಿ ಕೂತರೆ ಇನ್ನೊಂದು ರಾಮಾಯಣ. ಡಾಕ್ಟರಿಗೆ ಹೇಳಿ, ಬೇರೆ ಗುಳಿಗೆಗೆ ಬದಲಾಯಿಸುತ್ತಾರೆ. ಆದರೆ ಕಂದು ಕಲೆ ಗುಳಿಗೆಯಿಂದ ಬಂದದ್ದಲ್ಲ, ಅದು ನರದ್ದೇ.

ಕೆಲಸ ಬಿಡಿ ಅನ್ನಲ್ಲ. ಕೆಡುಕು ಇರುವುದು ನಿಂತಲ್ಲೇ ಅಲುಗಾಡದೆ ನಿಲ್ಲುವುದರಲ್ಲಿ. ರೊಟ್ಟಿ ಬಡಿಯುವಾಗ ಕೈ ಓಡುತ್ತದೆ, ಕಾಲು ಕಲ್ಲಾಗಿ ನಿಂತಿರುತ್ತದೆ. ಒಲೆಯ ಬಿಸಿಗೆ ನರ ಇನ್ನಷ್ಟು ಹಿಗ್ಗುತ್ತದೆ. ಬಡಿದ ರೊಟ್ಟಿ ಹಂಚಿನ ಮೇಲೆ ಬೇಯುವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ. ಮೀನಖಂಡ ಬಿಗಿಯಾಗಿದ್ದು ಕೈಗೆ ಗೊತ್ತಾಗಬೇಕು, ಸುಮ್ನೆ ಅಲ್ಲಾಡಿಸಿದರೆ ಆಗಲ್ಲ. ಒಬ್ಬರು ಬಡಿಯುವುದು, ಒಬ್ಬರು ಬೇಯಿಸುವುದು, ಒಬ್ಬರು ಹಿಟ್ಟು ತರುವುದು, ಇದನ್ನು ಗಂಟೆಗೊಮ್ಮೆ ಅದಲು ಬದಲು ಮಾಡಿಕೊಳ್ಳಿ. ಹಿಟ್ಟಿನ ಡಬ್ಬಿಯನ್ನು ಬೇಕಂತಲೇ ದೂರ ಇಡಿ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮಲಗಿ, ಪಾದ ಎದೆಗಿಂತ ಮೇಲೆ ಬರುವಂತೆ ಕಾಲಿಟ್ಟು ಅರ್ಧ ಗಂಟೆ. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಅದು ಎದೆಗಿಂತ ಕೆಳಗೇ ಇರುತ್ತದೆ, ಅಷ್ಟು ಲಾಭ ಇಲ್ಲ. ರಾತ್ರಿಗೆ ಮಂಚದ ಕಾಲಕಡೆ ಎರಡು ಪರಸಿ ತುಂಡು ಕೊಡಿ. ಹೃದಯದ ತೊಂದರೆಯಿಂದ ದಮ್ಮು ಇರುವವರು ಮಾತ್ರ ಇದನ್ನು ಮಾಡಬಾರದು.

ಸಾಕ್ಸ್ ವಿಷಯ ಬೇಕಂತಲೇ ಬಿಟ್ಟಿದ್ದೆ, ಯಾಕೆಂದರೆ ಅದನ್ನು ಕೊಳ್ಳುವ ಮೊದಲು ಪಾದದ ನಾಡಿ ನೋಡಿಸಬೇಕು. ಸಿಗರೇಟ್, ಬೀಡಿ ಸೇದುವವರು, ಶುಗರ್ ಇರುವವರು, ವಯಸ್ಸಾದವರಲ್ಲಿ ಕಾಲಿಗೆ ರಕ್ತ ಬರುವ ಧಮನಿಯೇ ಕಟ್ಟಿಕೊಂಡಿರಬಹುದು. ಅಂಥ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಬೆರಳಿಗೇ ಕುತ್ತು. ನಾಡಿ ಚೆನ್ನಾಗಿದ್ದರೆ ಮೊಣಕಾಲಿನ ತನಕದ್ದು ಸಾಕು, ತೊಡೆ ತನಕ ಬೇಡ. ಡಬ್ಬಿಯ ಮೇಲೆ ಒತ್ತಡ ಬರೆದಿರುತ್ತದೆ. ನಿಮ್ಮಂಥವರಿಗೆ ಸಾಮಾನ್ಯವಾಗಿ 20-30 ಮಿಲಿಮೀಟರ್ ಪಾದರಸದ್ದು ಬರೆಯುತ್ತಾರೆ. ಫುಟ್‌ಪಾತ್ ಮೇಲೆ ಸಿಗುವ ಬಿಗಿ ಸಾಕ್ಸ್ ಇದಲ್ಲ. ಅದು ಮೇಲೆ ಬಿಗಿ, ಕೆಳಗೆ ಸಡಿಲ, ಅಂದರೆ ಪೂರ್ತಿ ಉಲ್ಟಾ.

ಹಾಕಿಕೊಳ್ಳುವುದು ಎದ್ದ ತಕ್ಷಣ, ಬಾವು ಶುರುವಾಗುವ ಮೊದಲು. ಸಾಕ್ಸ್ ಒಳಮೈ ಹೊರಗೆ ಮಾಡಿ ಹಿಮ್ಮಡಿ ತನಕ ತಿರುವಿ, ಪಾದ ತೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಉಗುರಿಗೆ ಹರಿಯುವುದೂ ಇಲ್ಲ. ಮೇಲಿನ ಅಂಚು ಮಡಿಸಬಾರದು, ಅಲ್ಲಿ ಎರಡು ಪಟ್ಟು ಬಿಗಿಯಾಗುತ್ತದೆ. ರಾತ್ರಿ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿ. ಬೆರಳು ಬಿಳಿಚಿದರೆ, ಜೋಮು ಹಿಡಿದರೆ ಆಗಲೇ ತೆಗೆಯಿರಿ. ದಿನಾ ಹಾಕುವವರಿಗೆ ಆರು ತಿಂಗಳಿಗೆ ಬಿಗಿ ಹೋಗಿರುತ್ತದೆ, ಹೊಸದು ಬೇಕು.

ಬೇಸಿಗೆ? ಕಷ್ಟವೇ. 42 ಡಿಗ್ರಿಯಲ್ಲಿ ಅದು ಸುಖ ಅಂತ ಹೇಳಿದರೆ ನನಗೇ ನಗು ಬರುತ್ತದೆ. ಬೆರಳು ತೆರೆದಿರುವ ಸಾಕ್ಸ್ ತಗೊಳ್ಳಿ, ಬೆವರು ಕಡಿಮೆ. ಕೆಲಸದ ಹೊತ್ತು ಹಾಕಿ, ಮುಗಿದ ಮೇಲೆ ಕಾಲು ಮೇಲೆ ಮಾಡಿ ಮಲಗುವಾಗ ತೆಗೆಯಿರಿ. ಏಪ್ರಿಲ್ ಮೇನಲ್ಲಿ ಪೂರ್ತಿ ಬಿಡುವವರೇ ಜಾಸ್ತಿ. ನಮ್ಮ ವಾರ್ಡಿಗೆ ಜೂನಿನಲ್ಲಿ ಹುಣ್ಣು ಒಡೆದುಕೊಂಡು ಬರುತ್ತಿದ್ದವರೂ ಅವರೇ.

ಎರಡು ಅವಸರದ ವಿಷಯ ಎಲ್ಲರೂ ಓದಿ. ಉಬ್ಬಿದ ನರದ ಮೇಲೆ ಗೀರಿ ರಕ್ತ ಚಿಮ್ಮಿದರೆ ಕುರ್ಚಿಯಲ್ಲಿ ಕೂರಿಸಬೇಡಿ, ಮೇಲೆ ಹಗ್ಗ ಕಟ್ಟಬೇಡಿ. ಮಲಗಿಸಿ, ಕಾಲು ಎತ್ತಿ ಹಿಡಿದು, ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ. ನಿಲ್ಲುತ್ತದೆ, ಆಮೇಲೆ ಆಸ್ಪತ್ರೆಗೆ. ಇನ್ನೊಂದು, ಒಂದೇ ಕಾಲು ಒಂದೆರಡು ದಿನದಲ್ಲಿ ದಿಢೀರ್ ಬಾತು ಮೀನಖಂಡ ನೋಯತೊಡಗಿದರೆ, ಅದರಲ್ಲೂ ಹೆರಿಗೆ, ಆಪರೇಷನ್, ಪ್ಲಾಸ್ಟರ್, ದೂರದ ಪ್ರಯಾಣ ಆದ ಮೇಲೆ, ಅದು ಆಳದ ನರದಲ್ಲಿ ಹೆಪ್ಪು ಇರಬಹುದು. ಮಾಲಿಶ್ ಮಾಡಬೇಡಿ. ಅದೇ ದಿನ ಆಸ್ಪತ್ರೆ. ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ.

---

ಹಳೇ ಬಜಾರ್, ಕಲಬುರಗಿ

ಅಷ್ಟೆಲ್ಲಾ ಯಾಕೆ? ಬಿಸಿ ಎಳ್ಳೆಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ತಿಕ್ಕಿದರೆ ನರ ಸಡಿಲ ಆಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತೇವೆ.

---

ಡ್ರೆಸ್ಸಿಂಗ್ ರೂಮ್ ಸಿಸ್ಟರ್, ಕಲಬುರಗಿ

ಅಣ್ಣಾ, ನರ ಸಡಿಲ ಆಗಿರುವುದೇ ಇಲ್ಲಿ ತೊಂದರೆ! ಕೆಟ್ಟ ವಾಲ್ವ್ ಎಣ್ಣೆಯಿಂದ ರಿಪೇರಿ ಆಗುವುದಿಲ್ಲ. ಚರ್ಮ ಒಣಗದಂತೆ ತಣ್ಣಗಿನ ಕೊಬ್ಬರಿ ಎಣ್ಣೆ ಸವರಲಿ, ಬೇಡ ಅನ್ನಲ್ಲ. ಬಿಸಿ ಬೇಡ, ತಿಕ್ಕುವುದು ಬೇಡ.

---

ರೊಟ್ಟಿಮನಿ, ಕಲಬುರಗಿ

ಡಾಪ್ಲರ್ ಆಯಿತು. ಸಿಸ್ಟರ್ ಹೇಳಿದ ಹಾಗೆ ಕೇಳಿದೆ, ನಿಲ್ಲಿಸಿಯೇ ನೋಡಿದರು. ಆಳದ ನರ ಚೆನ್ನಾಗಿದೆಯಂತೆ, ಹೆಪ್ಪು ಇಲ್ಲ. ತೊಡೆಸಂದಿಯಿಂದ ಕೆಳಗೆ ಬರುವ ದೊಡ್ಡ ನರದ ವಾಲ್ವ್ ಸೋರುತ್ತಿದೆ, ಲೇಸರ್ ಮಾಡಬಹುದು ಅಂದರು. ಪಾದದ ನಾಡಿ ಸರಿ ಇದೆ. ಬಿಪಿ ಗುಳಿಗೆ ಬದಲಾಯಿಸಿದರು. ಮದುವೆ ಸೀಸನ್ ಆರ್ಡರ್ ಒಪ್ಪಿಕೊಂಡಿದ್ದೇನೆ, ಅದು ಮುಗಿದ ಮೇಲೆ ಮಾಡಿಸುತ್ತೇನೆ, ಅಲ್ಲೀತನಕ ಸಾಕ್ಸ್. ಹಿಟ್ಟಿನ ಡಬ್ಬಿ ಪಡಸಾಲೆಗೆ ಹೋಯಿತು. ನಮ್ಮ ಹುಡುಗಿಯರು ಬೈಯುತ್ತಿದ್ದಾರೆ. ಅವರಲ್ಲಿ ಒಬ್ಬಳಿಗೆ ಆರು ತಿಂಗಳು, ಅವಳ ಮೊಣಕಾಲ ಹಿಂದೆಯೂ ನರ ಎದ್ದಿದೆ.

ಹರಡಿನ ಸುತ್ತಳತೆ 23 ಸೆಂಟಿಮೀಟರ್, ಮೀನಖಂಡ 37. ಅಂಗಡಿಯವನು ಲಾರ್ಜ್ ಕೊಡುತ್ತಿದ್ದಾನೆ. ತಗೊಳ್ಳಲಾ?

---

ಡ್ರೆಸ್ಸಿಂಗ್ ರೂಮ್ ಸಿಸ್ಟರ್, ಕಲಬುರಗಿ

ಅಳತೆ ಬೆಳಿಗ್ಗೆ ತಗೊಂಡಿದ್ದಾ, ಸಂಜೆನಾ? ಸಂಜೆಯದಾದರೆ ನಾಳೆ ಎದ್ದ ಕೂಡಲೇ ಮತ್ತೆ ಅಳೆಯಿರಿ. ಲಾರ್ಜ್, ಮೀಡಿಯಂ ಒಂದೊಂದು ಕಂಪನಿಗೆ ಒಂದೊಂದು ಥರ. ಡಬ್ಬಿಯ ಹಿಂದೆ ಅಳತೆಗಳ ಪಟ್ಟಿ ಇರುತ್ತದೆ, ಹರಡಿನ ಅಳತೆ ಮೊದಲು ಕೂಡಬೇಕು. ಅವನ ಹತ್ತಿರ ಸ್ಟಾಕ್ ಇರುವುದೇ ಲಾರ್ಜ್ ಅಂತ ಕೊಡುತ್ತಿದ್ದರೆ ಬೇರೆ ಅಂಗಡಿ ನೋಡಿ.

ಆರು ತಿಂಗಳ ಬಸುರಿ ಹುಡುಗಿ ಎಡಮಗ್ಗುಲಾಗಿ ಮಲಗಲಿ, ಕಟ್ಟೆ ಮುಂದೆ ಅವಳಿಗೊಂದು ಎತ್ತರದ ಸ್ಟೂಲ್ ಹಾಕಿ. ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ನರ ಬಹಳ ಮಟ್ಟಿಗೆ ಇಳಿಯುತ್ತದೆ, ಈಗಲೇ ಲೇಸರ್ ಗೀಸರ್ ಅಂತ ಹೆದರಿಸಬೇಡಿ. ಕಾಲು ಒಂದೇ ಕಡೆ ದಿಢೀರ್ ಬಾತರೆ ಮಾತ್ರ ತಕ್ಷಣ ಕರೆದುಕೊಂಡು ಹೋಗಿ.